ಗುಂಡಿಯಲ್ಲಿ ಅಕ್ಕ, ಕೌಂಟರಿನಲ್ಲಿ ತಂಗಿ

ಬೆಳಗಿನ ಆರಕ್ಕೆ ಇನ್ನೂ ಹತ್ತು ನಿಮಿಷ. ರಸ್ತೆ ತಿರುವಿನಲ್ಲಿ ಎದೆಮಟ್ಟದ ಒಂದು ಗುಂಡಿ. ಒಳಗೆ ಬೋರಲು ಹಾಕಿದ ಬಕೆಟ್ಟಿನ ಮೇಲೆ ಒಬ್ಬ ಹೆಂಗಸು ಕೂತಿದ್ದಾರೆ. ಹಣೆಗೆ ಕಟ್ಟಿದ ದೀಪ, ತೊಡೆಯ ಮೇಲೆ ಹಳೆಯ ಟವೆಲ್ಲು, ಬೆರಳ ತುದಿಯಲ್ಲಿ ತಲೆಗೂದಲಿನಂಥ ಒಂದು ಗಾಜಿನ ಎಳೆ. ಎಳೆಯ ಮೇಲಿನ ಬಣ್ಣ ಕೆರೆಯುವ ಮುಂಚೆ ಅದನ್ನು ಆಕಾಶಕ್ಕೆ ಹಿಡಿದು ನೋಡುತ್ತಾರೆ. "ಬೂದು" ಎನ್ನುತ್ತಾರೆ. ಟವೆಲ್ಲಿನ ಮೇಲಿಟ್ಟು ಮತ್ತೆ ನೋಡುತ್ತಾರೆ. "ಹೂಂ, ಬೂದೇ."

ಗುಂಡಿಯ ಅಂಚಿನಲ್ಲಿ ಕುಕ್ಕರಗಾಲಲ್ಲಿ ಕೂತ ವ್ಯಾನ್ ಚಾಲಕನಿಗೆ ನಗು ತಡೆಯದು. "ಅಕ್ಕಾ, ನಾಲ್ಕು ಸಲ ಆಯ್ತು. ಇನ್ನೊಂದು ಸಲ ಹೇಳಿದ್ರೆ ಅದಕ್ಕೇ ಬೇಜಾರಾಗಿ ಬಣ್ಣ ಬದಲಾಯಿಸುತ್ತೆ."

"ಬಾಯಿ ಮುಚ್ಕೊಂಡು ಟಾರ್ಚ್ ಹಿಡಿ ಮಾರಾಯ. ಇವತ್ತು ಇದು ತಪ್ಪಿದ್ರೆ ನನ್ನ ಕಾರ್ಡೂ ಇಲ್ಲ, ನನ್ನ ತಂಗಿಯೂ ಇಲ್ಲ."

ಕಾರ್ಡೆಂದರೆ ಸರ್ಕಾರದ ಬ್ರಾಡ್‌ಬ್ಯಾಂಡ್ ಯೋಜನೆಯಲ್ಲಿ ಕೇಬಲ್ಲಿನ ಎಳೆಗಳನ್ನು ಬೆಸೆಯಲು ಕೊಟ್ಟ ಅನುಮತಿ. ಅದಿಲ್ಲದವರು ಬೆಸೆದ ಎಳೆಗಳನ್ನಿಡುವ ಜೋಡಣೆಯ ಡಬ್ಬಿಯನ್ನು ಮುಟ್ಟುವಂತಿಲ್ಲ. ತಂಗಿಯೆಂದರೆ ಇಲ್ಲಿಂದ ನಾಲ್ಕು ಕಿಲೋಮೀಟರ್ ಆಚೆ, ಗ್ರಾಮ ಕಚೇರಿಯ ಪಕ್ಕದ ನೆಟ್ ಕೇಂದ್ರದಲ್ಲಿ, ಗಾಜಿನ ಕೌಂಟರಿನ ಹಿಂದೆ ಕೂರುವವಳು. ಕೇಬಲ್ಲಿನ ಒಂದೊಂದು ಬಣ್ಣದ ಎಳೆ ಒಂದೊಂದು ಕಡೆಗೆ, ಬೂದು ಎಳೆ ಹೋಗುವುದು ಅವಳ ಕೇಂದ್ರಕ್ಕೆ.

ಊರಿನ ಬಾಯಲ್ಲಿ ತಂಗಿಗೆ ಬಹುವಚನ: "ನೆಟ್ ಮೇಡಂ ಬಂದ್ರು, ಬಾಗಿಲು ತೆಗೆದ್ರು." ಅಕ್ಕನಿಗೆ ಏಕವಚನ: "ಗುಂಡಿಯೋಳು ಬಂದ್ಲು, ರಸ್ತೆ ಅಗೆದ್ಲು." ರಸ್ತೆ ಅಗೆಯುವುದು ಅವರ ಕೆಲಸವೇ ಅಲ್ಲ, ಆದರೆ ಕೇಳುವವರು ಯಾರು? ಈ ಬರಹದಲ್ಲಾದರೂ ಲೆಕ್ಕ ತಿರುಗಲಿ. ಇಲ್ಲಿ ಅಕ್ಕ "ಅವರು", ತಂಗಿ "ಅವಳು".

ನಲವತ್ತೆರಡು ವರ್ಷದ ಅಕ್ಕ ಹನ್ನೊಂದು ವರ್ಷ ಹೊಲಿಗೆ ಮಾಡಿದವರು. ಅವರ ಕಡೆಯ ಊರುಗಳಿಗೆ ಖಾಸಗಿ ಕಂಪನಿಯವರು ಒಂದೇ ಸಲ ಬಂದಿದ್ದರಂತೆ. "ಮನೆ ಎಣಿಸಿದ್ರು, ಟೀ ಕುಡಿದ್ರು, ಹೋದ್ರು. ಹದಿನೇಳು ಮನೆಗೆ ಹನ್ನೊಂದು ಕಿಲೋಮೀಟರ್ ಕೇಬಲ್ ಯಾರು ಎಳೀತಾರೆ? ಸರ್ಕಾರವೇ ಎಳೀಬೇಕು." ಸರ್ಕಾರ ಎಳೆಯಿತು ಕೂಡ. ಎಳೆದು, ಹೂತು, ಬೋರ್ಡು ನೆಟ್ಟು, ರಿಬ್ಬನ್ ಕತ್ತರಿಸಿ, ಕೇಬಲ್ಲಿನ ತುದಿಗಳಿಗೆ ಪ್ಲಾಸ್ಟಿಕ್ ಚೀಲ ಕಟ್ಟಿ ಎರಡು ವರ್ಷ ಮರೆತುಬಿಟ್ಟಿತು. ತುದಿಗಳನ್ನು ಬೆಸೆಯುವವರು ಯಾರೂ ಇರಲಿಲ್ಲ.

ಕೊನೆಗೆ ಯಾರಿಗೋ ನೆನಪಾಗಿ ಊರಿನವರಿಂದಲೇ ಅರ್ಜಿ ಕರೆದರು. ಕೌಂಟರಿಗೆ ಒಬ್ಬರು, ಜೋಡಣೆಗೆ ಒಬ್ಬರು. ಅಕ್ಕ ಬರೆದದ್ದು ಕೌಂಟರಿಗೆ. ತಂಗಿಯ ಅರ್ಜಿಯನ್ನೂ ಅವರೇ ತುಂಬಿದರು, ಅವಳ ಅಕ್ಷರ ಕೋಳಿ ಕೆರೆದ ಹಾಗೆ ಎಂಬ ಕಾರಣಕ್ಕೆ. ಪರೀಕ್ಷೆಯ ದಿನ ಇಬ್ಬರ ಕೈಗೂ ಒಂದೊಂದು ಗಾಜಿನ ಎಳೆ ಕೊಟ್ಟು ಸಿಪ್ಪೆ ಬಿಡಿಸಲು ಹೇಳಿದರು. ತಂಗಿ ಒಂದರ ಹಿಂದೊಂದು ಮೂರು ಎಳೆ ಮುರಿದಳು. ಸೂಜಿಗೆ ದಾರ ಪೋಣಿಸಿ ಪಳಗಿದ ಅಕ್ಕನ ಕೈ ಮೊದಲ ಸಲಕ್ಕೇ ನೀಟಾಗಿ ಬಿಡಿಸಿತು.

"ಕೈ ಚೆನ್ನಾಗಿದ್ದಿದ್ದೇ ತಪ್ಪಾಯ್ತು ನೋಡಿ. ಮುರಿದವಳಿಗೆ ಕುರ್ಚಿ, ಮುರೀದವಳಿಗೆ ಗುಂಡಿ!"

ಆರು ವಾರದ ತರಬೇತಿ ಮುಗಿಸಿ ಬಂದ ಮೇಲೆ ಈ ಮೂರು ವರ್ಷದಲ್ಲಿ ಅರವತ್ತೆರಡು ಡಬ್ಬಿ ಕಟ್ಟಿದ್ದಾರೆ. ಗಾಳಿ ಧೂಳು ಇಲ್ಲದ ದಿನ ನಲವತ್ತೆಂಟು ಎಳೆ ಬೆಸೆಯುತ್ತಾರೆ, ಗಾಳಿ ಎದ್ದರೆ ಇಪ್ಪತ್ತೂ ಕಷ್ಟ. ಅದಕ್ಕೇ ಮುಂಜಾನೆಯ ಕೆಲಸ. ಬೆಸೆದ ಪ್ರತಿ ಎಳೆಗೂ ಯಂತ್ರ ಒಂದು ಸಂಖ್ಯೆ ತೋರಿಸುತ್ತದೆ, ಜೋಡಣೆಯಲ್ಲಿ ಸೋರಿಹೋದ ಬೆಳಕು ಎಷ್ಟು ಎಂದು. ಸೊನ್ನೆ ಬಿಂದು ಸೊನ್ನೆ ಐದರವರೆಗೆ ಸರ್ಕಾರ ಒಪ್ಪುತ್ತದೆ. ಅಕ್ಕ ಮೂರು ದಾಟಿದರೆ ಕತ್ತರಿಸಿ ಮತ್ತೆ ಬೆಸೆಯುತ್ತಾರೆ. ಡಬ್ಬಿ ಮುಚ್ಚುವ ಮುಂಚೆ ಒಳಗೊಂದು ಚೀಟಿ ಇಡಬೇಕು: ತಾರೀಖು, ಬಣ್ಣ, ಬೆಸೆದವರ ಸಹಿ. ಆ ಸಹಿಯನ್ನು ಕಾಣುವುದು ಮುಂದೆ ಯಾವತ್ತೋ ಡಬ್ಬಿ ತೆರೆದವರು ಮಾತ್ರ.

ಮೊದಲ ಸಲ ಊರಿಗೆ ನೆಟ್ ಬಂದ ದಿನ ಅಕ್ಕ ಇಂಥದ್ದೇ ಗುಂಡಿಯಲ್ಲಿದ್ದರು. ಕೇಂದ್ರದಲ್ಲಿ ಜನ ಕಿಕ್ಕಿರಿದಿದ್ದರು. ತಂಗಿ ಒಂದು ಗುಂಡಿ ಒತ್ತಿದಳು, ಪೆಟ್ಟಿಗೆಯಲ್ಲಿ ಹಸಿರು ದೀಪ ಮಿನುಗಿತು, ಚಪ್ಪಾಳೆ ಬಿತ್ತು. ಸಾಲಿನಲ್ಲಿ ಮೊದಲು ನಿಂತಿದ್ದ ಅಜ್ಜಿ ತಂಗಿಯ ಎರಡೂ ಕೈ ಹಿಡಿದು ಕಣ್ಣಿಗೊತ್ತಿಕೊಂಡಿತು. "ನಿನ್ನ ಕೈಗುಣ ಕಣಮ್ಮಾ! ನೀನು ಮುಟ್ಟಿದೆ, ಬಂತು."

ಸಂಜೆ ಮೈಯೆಲ್ಲ ಮಣ್ಣಾಗಿ ಮನೆಗೆ ಬಂದ ಅಕ್ಕನಿಗೆ ಈ ಸುದ್ದಿ ಹೇಳಿದ್ದು ತಂಗಿಯೇ, ಕುಣಿಯುತ್ತ. ಇಬ್ಬರದೂ ಅಕ್ಕಪಕ್ಕದ ಮನೆ, ನಡುವೆ ಒಂದೇ ಗೋಡೆ, ಅಂಗಳದಲ್ಲಿ ಒಂದೇ ನಲ್ಲಿ.

"ಹೊಟ್ಟೆಗೆ ಕೆಂಡ ಸುರಿದ ಹಾಗಾಯ್ತು. ಸುಳ್ಳು ಯಾಕೆ ಹೇಳ್ಲಿ? ಗುಂಡಿ ಒತ್ತೋಕೆ ಕೈಗುಣ ಬೇಕಾ? ಗುಂಡಿಗೆ ಇಳಿಯೋಕೆ ಬೇಕು!"

ಒಂದಕ್ಕೆ ಸೇರಿಕೊಂಡು ಇನ್ನೊಂದು. ತಂಗಿಯ ಕೇಂದ್ರದಲ್ಲಿ ಫ್ಯಾನಿದೆ. ತಂಗಿಯ ಸೀರೆಯ ಅಂಚು ಸಂಜೆಗೂ ಬೆಳಗಿನ ಹಾಗೇ ಇರುತ್ತದೆ. ಅಲ್ಲಿ ಅರ್ಜಿ ಹಾಕಿ ಕಾಲೇಜಿನ ಸೀಟು ಸಿಕ್ಕ ಹುಡುಗಿಯ ಮನೆಯವರು ಸಿಹಿ ತಂದುಕೊಡುವುದು ತಂಗಿಗೆ. "ಅದೆಲ್ಲ ಹೋಗ್ಲಿ ಅನ್ನಿ. ಅವಳ ಕುರ್ಚಿ ತಿರುಗುತ್ತೆ!" ಎನ್ನುತ್ತ ಅಕ್ಕ ಗಾಳಿಯಲ್ಲಿ ಬೆರಳಿನಿಂದ ಒಂದು ಸುತ್ತು ಹಾಕಿ ತೋರಿಸುತ್ತಾರೆ. ಅವರ ಗಂಡ ಛೇಡಿಸುವುದುಂಟು: "ತಂಗೀನ ಯಾರೋ ಹೊಗಳಿದ ದಿನ ನಿನ್ನ ಹೊಟ್ಟೆಯ ಉರೀಲೇ ಅನ್ನ ಬೇಯುತ್ತೆ. ಮನೇಲಿ ಒಲೆ ಹಚ್ಚೋದೇ ಬೇಡ."

ತಿಂಗಳ ಹಿಂದೆ ಈ ತಮಾಷೆಯೇ ಕೊರಳಿಗೆ ಬಿತ್ತು. ಒಂದು ಇಲಾಖೆ ಹೂಳುತ್ತದೆ, ಇನ್ನೊಂದು ಅಗೆಯುತ್ತದೆ. ನೀರಿನ ಪೈಪಿನವರ ಯಂತ್ರ ಇದೇ ತಿರುವಿನಲ್ಲಿ ಕೇಬಲ್ ಕಿತ್ತುಹಾಕಿತು. ಮಂಜು ಕವಿದ ಬೆಳಗಿನಲ್ಲಿ ಅಕ್ಕ ಹನ್ನೆರಡೂ ಎಳೆ ಬೆಸೆದು ಡಬ್ಬಿ ಮುಚ್ಚಿದರು. ಶಾಲೆಗೆ ನೆಟ್ ಬಂತು, ಆಸ್ಪತ್ರೆಗೆ ಬಂತು, ಅಂಚೆ ಕಚೇರಿಗೂ ಬಂತು. ತಂಗಿಯ ಕೇಂದ್ರವೊಂದು ಬಿಟ್ಟು.

ಪಿಂಚಣಿಯವರು ತಾವು ಬದುಕಿದ್ದೇವೆಂದು ಹೆಬ್ಬೆರಳು ಒತ್ತಿ ತೋರಿಸಬೇಕಾದ ಕೊನೆಯ ದಿನ ಅದು. ನಲವತ್ತಮೂರು ಜನ ಸಂಜೆಯವರೆಗೆ ಬೆರಳು ಹಿಡಿದುಕೊಂಡು ಕೂತರು. ಸಾಲಿನಲ್ಲಿ ಯಾರೋ ಗೊಣಗಿದರು: "ಎಲ್ಲರಿಗೂ ಬಂತಂತೆ, ಮೇಡಂಗೆ ಮಾತ್ರ ಇಲ್ವಂತೆ. ಬೆಸೆದವಳು ಯಾರು ಗೊತ್ತಲ್ಲ?" ಅಷ್ಟು ಸಾಕಾಯಿತು. ಕತ್ತಲಾಗುವ ಹೊತ್ತಿಗೆ ಅಕ್ಕನ ಹೊಟ್ಟೆಕಿಚ್ಚು ಊರಿಗೆಲ್ಲ ಗೊತ್ತಿತ್ತು.

ಮರುದಿನ ಡಬ್ಬಿ ಬಿಚ್ಚಿ ನೋಡಿದರೆ ಬೂದು ಬಿಳಿಗೆ ಸೇರಿತ್ತು, ಬಿಳಿ ಬೂದುವಿಗೆ. ಬಿಳಿ ಯಾರದ್ದೂ ಅಲ್ಲದ, ಮುಂದಕ್ಕೆಂದು ಕಾದಿರಿಸಿದ ಎಳೆ, ಅದರಲ್ಲಿ ಬೆಳಕೇ ಇರುವುದಿಲ್ಲ. ಹಳದಿ ಟಾರ್ಚಿನ ಬೆಳಕಿನಲ್ಲಿ ಇವೆರಡೂ ಅವಳಿ ಮಕ್ಕಳ ಹಾಗೆ ಕಾಣುತ್ತವೆ. ಬೆಸೆಯುವವರಿಗೆ ತರಬೇತಿಯ ಮೊದಲ ದಿನವೇ ಈ ಪಾಠ ಹೇಳಿರುತ್ತಾರೆ. ಮೂರು ವರ್ಷದಲ್ಲಿ ಅಕ್ಕ ಒಮ್ಮೆಯೂ ಎಡವಿರಲಿಲ್ಲ.

ನೀರು ನುಗ್ಗಿತ್ತು ಎಂದು ಬರೆದು ಜಾರಿಕೊಳ್ಳಬಹುದಿತ್ತು. ಎಂಜಿನಿಯರ್ ಸಾಹೇಬರೇ ಆ ದಾರಿ ತೋರಿಸಿದರು. ಅಕ್ಕ ಚೀಟಿಯಲ್ಲಿ ಬರೆದದ್ದು: "ಬೂದು ಬಿಳಿ ಅದಲುಬದಲು. ತಪ್ಪು ನನ್ನದು." ಸರಿಪಡಿಸಿ ಮುಚ್ಚಿದ ಮೇಲೆ ಅವರನ್ನು ಜೋಡಣೆಯಿಂದ ತೆಗೆದು ಕೇಬಲ್ ಸುರುಳಿ ಹೊರುವ ಕೆಲಸಕ್ಕೆ ಹಾಕಿದರು. ಇನ್ನೊಂದು ಇಂಥ ತಪ್ಪಾದರೆ ಕಾರ್ಡು ರದ್ದು.

ಪಿಂಚಣಿಯ ಗಡುವು ಒಂದು ವಾರ ಮುಂದಕ್ಕೆ ಹೋಗಿ ಜನರ ಕೆಲಸವೇನೋ ಆಯಿತು. ತಂಗಿ ಮಾತ್ರ ಬಯ್ಯಲಿಲ್ಲ, ಜಗಳ ಆಡಲಿಲ್ಲ. ನಲ್ಲಿಯ ಹತ್ತಿರ ಒಂದೇ ಒಂದು ಕೇಳಿದಳು: "ಅಕ್ಕಾ, ಬೇಕಂತ ಮಾಡಿದ್ಯಾ?"

"ಇಲ್ಲ ಅಂದೆ. ಆದ್ರೆ ತಕ್ಷಣ ಅನ್ನೋಕೆ ಆಗ್ಲಿಲ್ಲ. ಒಂದು ಗಳಿಗೆ ತಡ ಆಯ್ತು," ಎನ್ನುತ್ತಾರೆ ಅಕ್ಕ, ಎಳೆಯನ್ನು ಸ್ಪಿರಿಟ್ಟಿನಲ್ಲಿ ಒರೆಸುತ್ತ. "ಆ ತಡ ಅವಳಿಗೆ ಕಾಣಿಸ್ತು. ಬಿಂದಿಗೆ ಎತ್ಕೊಂಡು ಹೋದ್ಲು. ಅವತ್ತಿಂದ ಮಾತಿಲ್ಲ. ಬೇಕಂತ ಮಾಡಿಲ್ಲ, ಆಣೆ ಮಾಡಿ ಬೇಕಾದ್ರೆ ಹೇಳ್ತೀನಿ. ಆದ್ರೆ ಅವತ್ತು ಬೂದು ಹಿಡಿದಾಗ ಅವಳ ತಿರುಗೋ ಕುರ್ಚಿ ತಲೇಲಿತ್ತು. ಕಣ್ಣು ತಪ್ಪಿತೋ, ಹೊಟ್ಟೆ ತಪ್ಪಿಸಿತೋ, ನಂಗೇ ಗೊತ್ತಿಲ್ಲ."

ನಿನ್ನೆ ಸಂಜೆ ಪೈಪಿನವರು ಮತ್ತೆ ಬಂದರು, ಮತ್ತೆ ಕೇಬಲ್ ಕಿತ್ತರು, ಅದೇ ತಿರುವಿನಲ್ಲಿ. ಅಕ್ಕನ ಬದಲಿಗೆ ನೇಮಿಸಿದ್ದ ಆಳಿಗೆ ಜ್ವರ. ಬೆಳಗಿನ ನಾಲ್ಕೂವರೆಗೆ ಸಾಹೇಬರು ಫೋನ್ ಮಾಡಿ ಹೇಳಿದ್ದು ಇಷ್ಟೇ: "ನೋಡಮ್ಮ, ಬೇರೆ ಯಾರೂ ಇಲ್ಲ. ಬಣ್ಣ ನೋಡಿ ಮಾಡು."

ಈಗ ಎಂಟೂಕಾಲು. ಬಿಸಿಲು ಗುಂಡಿಯ ಅರ್ಧಕ್ಕೆ ಇಳಿದಿದೆ. ಉಳಿದ ಹನ್ನೊಂದು ಮುಗಿದು, ಕೊನೆಗೆಂದು ಎತ್ತಿಟ್ಟ ಬೂದು ಎಳೆ ಬೂದುವಿನ ಎದುರು ಮಲಗಿದೆ. ಯಂತ್ರದಲ್ಲಿ ಕಿಡಿ ಹಾರುತ್ತದೆ. ಸಂಖ್ಯೆ ಬರುತ್ತದೆ: ಸೊನ್ನೆ ಬಿಂದು ಸೊನ್ನೆ ಮೂರು. ಒಪ್ಪಬಹುದಾದದ್ದೇ. ಅಕ್ಕ ಕತ್ತರಿಸುತ್ತಾರೆ. "ಅಯ್ಯೋ ಅಕ್ಕಾ!" ಎಂದು ಚಾಲಕ ತಲೆ ಚಚ್ಚಿಕೊಳ್ಳುತ್ತಾನೆ. ಎರಡನೆಯ ಸಲ ಸೊನ್ನೆ ಬಿಂದು ಸೊನ್ನೆ ಒಂದು. "ಈಗ ಸರಿ. ಅವಳದ್ದು ಅಂತ ಕೆಲಸದಲ್ಲಿ ಕಡಿಮೆ ಮಾಡಿದೆ ಅನ್ನಬಾರದು ಯಾರೂ."

ತನ್ನ ಕೆಲಸಕ್ಕೆ ಇಷ್ಟು ಬೆಲೆ ಕೊಡುವ ಕೈಗೆ ತಂಗಿಯ ಆ ಕುರ್ಚಿ ಇನ್ನೂ ಬೇಕೇ ಎಂದು ಕೇಳಿದರೆ ಅಕ್ಕ ನಾಚಿಕೊಳ್ಳುವುದಿಲ್ಲ. "ಬೇಕು. ಒಂದೇ ಒಂದು ದಿನ ಸಾಕು. ಅವತ್ತು ಅವಳು ಈ ಬಕೆಟ್ ಮೇಲೆ ಕೂರಲಿ. ನಾನು ಅಲ್ಲಿ ತಿರುಗ್ತಾ ಇರ್ತೀನಿ."

ಒಂಬತ್ತು ದಾಟಿದೆ. ಡಬ್ಬಿ ಮುಚ್ಚಿ, ಚೀಟಿಗೆ ಸಹಿ ಹಾಕಿ, ಅಕ್ಕ ಫೋನನ್ನು ಟವೆಲ್ಲಿನ ಮೇಲಿಟ್ಟುಕೊಂಡು ಅದನ್ನೇ ನೋಡುತ್ತಾರೆ. ಶಾಲೆಯ ಮೇಷ್ಟ್ರು ಕರೆದು ಬಂತು ಎನ್ನುತ್ತಾರೆ. ಆಸ್ಪತ್ರೆಯ ನರ್ಸಮ್ಮ ಬಂತು ಎನ್ನುತ್ತಾರೆ. ತಂಗಿಯ ಕರೆ ಇಲ್ಲ. ಹತ್ತು ನಿಮಿಷ. ಅಕ್ಕನ ಕೈ, ಎಳೆ ಹಿಡಿದಾಗ ಅಲುಗದ ಕೈ, ಟವೆಲ್ಲಿನ ಅಂಚನ್ನು ಸುತ್ತಿ ಸುತ್ತಿ ಬಿಚ್ಚುತ್ತದೆ.

ಫೋನ್ ಹೊಡೆದುಕೊಳ್ಳುತ್ತದೆ. ಅಕ್ಕ ಸ್ಪೀಕರ್ ಒತ್ತುತ್ತಾರೆ. ಮೊದಲು ಬರೀ ಜನರ ಗದ್ದಲ. ಆಮೇಲೆ ತಿಂಗಳ ನಂತರ ಕೇಳುವ ದನಿ: "ಬಂತು ಅಕ್ಕಾ. ಆಗಲೇ ಬಂದಿತ್ತು, ಸಾಲು ಇತ್ತು, ಅದಕ್ಕೆ ತಡ ಆಯ್ತು." ಹಿಂದಿನಿಂದ ಅದೇ ಅಜ್ಜಿಯ ಗಂಟಲು: "ನಿನ್ನ ಕೈಗುಣವೇ ಕೈಗುಣ ಕಣಮ್ಮಾ!"

ಅಕ್ಕನ ಹುಬ್ಬು ಗಂಟಿಕ್ಕುತ್ತದೆ. ತಂಗಿ ಅತ್ತ ತಿರುಗಿ ಹೇಳುವುದು ಇಲ್ಲಿಗೂ ಕೇಳುತ್ತದೆ. "ನಂದಲ್ಲ ಅಜ್ಜಿ. ನಮ್ಮಕ್ಕಂದು."

"ಯಾರು, ಆ ಗುಂಡಿಯೋಳದಾ?"

"ಗುಂಡಿಯೋಳಲ್ಲ. ಗುಂಡಿಯೋರು ಅನ್ನಿ."

ಚಾಲಕ ಬಾಯಿ ತೆರೆಯುತ್ತಾನೆ. ಅಕ್ಕ ಸುಮ್ಮನಿರೆಂದು ಕೈ ಎತ್ತುತ್ತಾರೆ. ಮೂಗಿನ ತುದಿಯ ಮಣ್ಣನ್ನು ಮುಂಗೈಯಿಂದ ಒರೆಸಿಕೊಂಡು, ಫೋನನ್ನು ಬಾಯಿಯ ಹತ್ತಿರಕ್ಕೆ ತಂದು, ಎಷ್ಟೂ ಅಳುಕದೆ ಸುಳ್ಳು ಹೇಳುತ್ತಾರೆ. "ಏನೇ ಅಂದೆ? ಗುಂಡೀಲಿ ಕೇಳಿಸ್ತಿಲ್ಲ. ಸ್ವಲ್ಪ ಜೋರಾಗಿ ಹೇಳು, ಅಲ್ಲಿರೋರಿಗೆಲ್ಲ ಕೇಳೋ ಹಾಗೆ."