ಕೆಳಗಿಡಬಾರದ ವೀಣೆ

ನನ್ನ ಅಜ್ಜ ತನ್ನ ಶ್ರಾದ್ಧವನ್ನು ತಾನೇ ಮಾಡಿಕೊಂಡ ದಿನ ನಾನು ಹನ್ನೊಂದು ವಡೆ ತಿಂದೆ. ಸನ್ಯಾಸ ತೆಗೆದುಕೊಳ್ಳುವವರು ಹಾಗೆ ಮಾಡಬೇಕಂತೆ. ತನಗೆ ತಾನೇ ಪಿಂಡ ಇಟ್ಟು, ಮನೆಯ ಮಟ್ಟಿಗೆ ಸತ್ತು, ಕಾವಿ ಉಟ್ಟುಕೊಂಡು ಎದ್ದು ಬರುವುದು. ಕಾರವಾರದ ಬಂದರು ಕಚೇರಿಯಲ್ಲಿ ಗುಮಾಸ್ತನಾಗಿ ನಿವೃತ್ತಿಯಾದ ಅಜ್ಜ ಬೆಳಿಗ್ಗೆ ಸತ್ತು, ಊಟದ ಹೊತ್ತಿಗೆ ಸ್ವಾಮಿಗಳಾಗಿ ಕೂತಿದ್ದರು.

"ಇನ್ ಮುಂದೆ ಅಜ್ಜ ಅನ್ಬೇಡ. ಸ್ವಾಮಿಗಳು ಅನ್ನು," ಎಂದು ಅಪ್ಪ ನನಗೆ ತಾಕೀತು ಮಾಡಿದ.

ಅಜ್ಜಿಗೆ ಇನ್ನೂ ಕಠಿಣ ನಿಯಮ. ಅವಳು ಅವರ ಎದುರಿಗೇ ಬರುವಂತಿಲ್ಲ. ಸನ್ಯಾಸಕ್ಕೆ ಒಪ್ಪಿಗೆ ಕೊಟ್ಟವಳೂ ಅವಳೇ. ನಾನು ಹನ್ನೆರಡನೇ ವಡೆಗೆ ಕೈ ಹಾಕಿದಾಗ ಅವಳ ಮುಖ ನೋಡಿ ಕೈ ಹಿಂದೆ ತೆಗೆದೆ.

ಮಾರನೇ ವರ್ಷ ಅಂಕೋಲೆಯ ಹೊರಗೆ ಒಂದು ಗುಡ್ಡದ ಮೇಲೆ ಆಶ್ರಮವಾಯಿತು. ಶಾಲೆಯ ಗೆಳತಿಯರಿಗೆ ನಾನು ಕೊಟ್ಟ ವರ್ಣನೆಯ ಪ್ರಕಾರ ಅದಕ್ಕೆ ನೂರು ಕಂಬ, ಒಳಗೆ ಎರಡು ಜಿಂಕೆ. ನಿಜಕ್ಕೂ ಇದ್ದದ್ದು ಚಿರೇಕಲ್ಲಿನ ಒಂದು ಕೋಣೆ, ಅದರ ಎದುರು ಶೀಟು ಹೊದಿಸಿದ ಚಾವಡಿ, ಒಂದು ಬಾವಿ. ಜಿಂಕೆಯ ಜಾಗದಲ್ಲಿ ಯಾರದೋ ಆಡು.

ಆಶ್ರಮದ ಆರಂಭ ಭಜನಾ ಸಪ್ತಾಹದಿಂದ ಆಗಬೇಕೆಂದು ನಿಶ್ಚಯವಾಯಿತು. ಏಳು ದಿನ, ಹಗಲೂ ರಾತ್ರಿ, ಚಾವಡಿಯ ನಡುವಿನ ದೀಪಕ್ಕೆ ಸುತ್ತು ಬರುತ್ತ ಭಜನೆ. ಒಂದು ಗಳಿಗೆಯೂ ನಿಲ್ಲಬಾರದು. ಊರಿಗೊಂದು, ಕೇರಿಗೊಂದು ಪಾಳಿ. ಪಂಢರಪುರದಿಂದ ತಂದ ಒಂದು ಪುಟ್ಟ ವೀಣೆ ಇತ್ತು, ಕೊರಳಿಗೆ ಹಾಕಿಕೊಂಡು ಮೀಟುವಂಥದ್ದು. ಆ ಏಳು ದಿನ ಅದು ನೆಲ ಮುಟ್ಟುವಂತಿಲ್ಲ. ಮುಂದಿನವರು ಬಂದು, ಕಾಲಿಗೆ ಬಿದ್ದು, ತಮ್ಮ ಕೊರಳಿಗೆ ಹಾಕಿಕೊಳ್ಳುವ ತನಕ ಅದನ್ನು ಹೊತ್ತವರು ಕೂರುವಂತೆಯೂ ಇಲ್ಲ.

ಇಷ್ಟೇ ಆಗಿದ್ದರೆ ಹೆದರಿಕೆ ಇರಲಿಲ್ಲ. ಆದರೆ ಆ ಏಳೂ ದಿನ ಅಜ್ಜ ಕೋಣೆಯೊಳಗೆ ಮೌನವಾಗಿ, ಬರೀ ತುಳಸಿ ನೀರಿನ ಮೇಲೆ ಇರುವ ವ್ರತ ಹಿಡಿದರು. ಭಜನೆ ನಡುವೆ ಕಡಿದರೆ ಮತ್ತೆ ಮೊದಲಿನಿಂದ ಏಳು ದಿನ. ಅವರಿಗೆ ಎಪ್ಪತ್ತೆರಡು ವರ್ಷ. ಮೂರನೆಯ ದಿನವೇ ನೋಡಿ ಬಂದ ಅಪ್ಪ ಮೆಟ್ಟಿಲ ಮೇಲೆ ಕೂತು, "ಇನ್ನೊಂದ್ ಸಲ ಏಳು ದಿನ ಅಂದ್ರೆ ಆಳು ಉಳಿಯೂದಿಲ್ಲ," ಅಂದ. ಹೇಳಿದರೆ ಕೇಳುವ ಜನವಲ್ಲ ಅಜ್ಜ. ಸರಕಾರವೇ ಮೂವತ್ತು ವರ್ಷ ಪ್ರಯತ್ನಪಟ್ಟು ಸೋತಿತ್ತು.

ಐದನೆಯ ದಿನ ಮಧ್ಯಾಹ್ನದ ಪಾಳಿಗೆ ಜನ ಕಮ್ಮಿ ಬಿದ್ದರು. ಸಪ್ತಾಹದ ಹಿರಿಯರು ಪಟ್ಟಿ ಹಿಡಿದು ಬಂದರು.

"ತಂಗೀ, ನಿಂಗೆ ಎಷ್ಟ್ ಭಜನೆ ಬರ್ತದೆ?"

"ನೂರಾ ಎಂಟು."

"ಸುಳ್ಳು ಹೇಳೂಕೂ ಒಂದ್ ಮಿತಿ ಬೇಡ್ವೇ?"

"ಬೇಕಾರೆ ಎಣಿಸ್ಕಣಿ."

ನನಗೆ ಬರುತ್ತಿದ್ದದ್ದು ಒಂಬತ್ತು. ಅದರಲ್ಲಿ ಎರಡು ಅರ್ಧರ್ಧ. ಆದರೂ ಹನ್ನೆರಡು ಗಂಟೆಗೆ ವೀಣೆ ನನ್ನ ಕೊರಳಿಗೆ ಬಂತು. ತಾಳಕ್ಕೆ ಹಬ್ಬುವಾಡದ ಒಬ್ಬ ಮಾಮ ಇದ್ದರು. ಒಂದು ಗಂಟೆಗೆ ನಮ್ಮನ್ನು ಬಿಡಿಸಲು ಕಾರವಾರದ ಕಡಲ ದಂಡೆಯ ಮೀನುಗಾರರ ಭಜನಾ ಮಂಡಳಿ ಬರಬೇಕಿತ್ತು.

ಒಂದು ಗಂಟೆಯಾಯಿತು. ಬರಲಿಲ್ಲ. ಅವರ ಟೆಂಪೋ ಅವರ್ಸಾದ ಹತ್ತಿರ ಪಂಕ್ಚರಾಗಿ ನಿಂತದ್ದು ನಮಗೆ ಆಮೇಲೆ ತಿಳಿಯಿತು. ಗುಡ್ಡದ ಬುಡದ ಚಪ್ಪರದಲ್ಲಿ ಪಂಕ್ತಿ ಕೂತು, ಸಾರಿನ ವಾಸನೆ ಮೇಲಕ್ಕೆ ಬಂತು. ಮಾಮನ ತಾಳ ತಪ್ಪತೊಡಗಿತು.

"ತಂಗೀ, ಐದೇ ಮಿನಿಟು. ಉಂಡ್ಕಂಡ್ ಬಂದೆ."

ಬಾಯಿ ಭಜನೆಯಲ್ಲಿದ್ದುದರಿಂದ ನನಗೆ ಬೇಡ ಎನ್ನಲು ಆಗಲಿಲ್ಲ. ಮಾಮ ಹೋದರು. ದೀಪ, ಮೈಕು, ನಾನು. ವೀಣೆ ಮೊದಲು ಎರಡು ಕಿಲೋ ಇತ್ತು, ಆಗ ಅಕ್ಕಿಮೂಟೆಯಾಗಿತ್ತು. ಒಂಬತ್ತೂ ಭಜನೆ ನಾಲ್ಕು ಸಲ ಮುಗಿದವು. ಗಂಟಲಿನಿಂದ ಬರುತ್ತಿದ್ದ ಸ್ವರ ಕೇಳಿ ಆಡು ಎದ್ದು ಹೋಯಿತು.

ಆಗಲೇ ನನಗೆ ಹೊಳೆದದ್ದು, ಏನೋ ಒಂದು ಕೇಳುತ್ತಿಲ್ಲ ಎಂದು. ಪ್ರತಿ ಭಜನೆ ಮುಗಿದಾಗ ಅಜ್ಜ ಒಳಗಿನಿಂದ ದಂಡವನ್ನು ನೆಲಕ್ಕೆ ಒಮ್ಮೆ ಕುಟ್ಟುತ್ತಿದ್ದರು. ಇದ್ದೇನೆ ಎಂದು ಅರ್ಥ. ಯಾವಾಗಿನಿಂದ ಆ ಸದ್ದಿಲ್ಲ? ನನಗೆ ನೆನಪಾಗಲಿಲ್ಲ. ಒಂದು ಭಜನೆ ಬೇಗ ಬೇಗ ಮುಗಿಸಿ, ಕಿವಿಯನ್ನು ಬಾಗಿಲ ಕಡೆ ಮಾಡಿದೆ. ಇಲ್ಲ. ಇನ್ನೊಂದು ಮುಗಿಸಿದೆ. ಇಲ್ಲ.

ಹಾಡು ನಿಲ್ಲಿಸಿ ಕೂಗಿದರೆ ಭಜನೆ ಕಡಿಯುತ್ತದೆ, ಮತ್ತೆ ಏಳು ದಿನ, ಅಜ್ಜ ಉಳಿಯುವುದಿಲ್ಲ. ಕೂಗದಿದ್ದರೆ ಈಗಲೇ ಉಳಿಯುವುದಿಲ್ಲ. ನನ್ನಷ್ಟು ಜಾಣೆ ಜಿಲ್ಲೆಯಲ್ಲೇ ಇಲ್ಲ ಎಂದು ಅಲ್ಲಿಯ ತನಕ ತಿಳಿದಿದ್ದೆ. ಆ ಜಾಣತನಕ್ಕೆ ಈ ಲೆಕ್ಕ ಬಿಡಿಸಲು ಬರಲಿಲ್ಲ.

ಮೈಕನ್ನು ಸ್ಟ್ಯಾಂಡಿನಿಂದ ಕಿತ್ತು, ವಿಠಲ ವಿಠಲ ಎನ್ನುತ್ತಲೇ ಬಾಗಿಲ ತನಕ ಹೋಗಿ ಕಾಲಿನಿಂದ ತಳ್ಳಿದೆ. ಅಜ್ಜ ಚಾಪೆಯ ಆಚೆ ಒಂದು ಮಗ್ಗುಲಾಗಿ ಬಿದ್ದಿದ್ದರು. ದಂಡ ಕೈಯಿಂದ ಮಾರು ದೂರ. ಬಾಯಿ ಸ್ವಲ್ಪ ತೆರೆದಿತ್ತು. ನಾನು ಹಾಡನ್ನು ಬಿಡಲಿಲ್ಲ, ಮಾತುಗಳನ್ನು ಬದಲಿಸಿದೆ.

"ಅಜ್ಜ ಬಿದ್ದಾನೋ ವಿಠಲಾ, ನೆಲಕ್ಕೆ ಬಿದ್ದಾನೋ ವಿಠಲಾ, ಬೇಗ ಬನ್ನಿರೋ ವಿಠಲಾ!"

ಕೆಳಗಿನ ಪಂಕ್ತಿಯಿಂದ ಇನ್ನೂರು ಕಂಠ ಒಟ್ಟಿಗೆ ಉತ್ತರ ಕೊಟ್ಟವು: "ಜೈ ಜೈ ವಿಠಲಾ!"

"ಉಸಿರು ಕಾಣೂದಿಲ್ಲೋ ವಿಠಲಾ!"

"ಜೈ ಜೈ ವಿಠಲಾ!"

ಲೌಡ್ ಸ್ಪೀಕರಿನಲ್ಲಿ ಏನು ಬಂದರೂ ಅದು ಭಜನೆ, ಅದಕ್ಕೆ ಜೈ ಅನ್ನಬೇಕು. ಐದು ದಿನದಲ್ಲಿ ಜನ ಹಾಗೆ ಪಳಗಿದ್ದರು. ಕದ್ವಾಡದ ಒಬ್ಬರು ಪಾಯಸ ಹಾಕಿಸಿಕೊಳ್ಳುತ್ತ, "ಹೊಸ ಭಜನೆ, ಧಾಟಿ ಚಂದ ಅದೆ," ಎಂದರಂತೆ. ನಾನು ಅಳುತ್ತ ಹಾಡಿದಷ್ಟೂ ಕೆಳಗೆ ಭಕ್ತಿ ಏರುತ್ತಿತ್ತು. ಅಷ್ಟು ಜನ ನನ್ನ ಮಾತು ಕೇಳುತ್ತಿದ್ದರು, ಒಬ್ಬರಿಗೂ ಕೇಳಿಸುತ್ತಿರಲಿಲ್ಲ. ಅಂಥ ಹೆದರಿಕೆಯನ್ನು ನಾನು ಎಷ್ಟು ಉಬ್ಬಿಸಿ ಹೇಳಿದರೂ ಕಮ್ಮಿಯೇ.

ಒಬ್ಬಳಿಗೆ ಕೇಳಿಸಿತು. ಅಡುಗೆ ಕೊಟ್ಟಿಗೆಯಲ್ಲಿ ಅನ್ನ ಬಸಿಯುತ್ತಿದ್ದ ಅಜ್ಜಿಗೆ. ಒಂದು ವರ್ಷದಿಂದ ಅವಳ ಕಿವಿಗೆ ಯಾರೂ ಅಜ್ಜ ಎಂಬ ಶಬ್ದ ಹಾಕಿರಲಿಲ್ಲ. ಅವಳು ಬಸಿದ ಗಂಜಿಯ ತೆಳಿಯನ್ನು ಲೋಟದಲ್ಲಿ ಹಿಡಿದು ಮೆಟ್ಟಿಲು ಹತ್ತಿ ಬಂದಳು. ಹೊಸ್ತಿಲ ಹತ್ತಿರ ಮಾತ್ರ ಒಮ್ಮೆ ನಿಂತಳು. ಆಮೇಲೆ ಒಳಗೆ ಹೋಗಿ, ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು, ಸೆರಗನ್ನು ಒದ್ದೆ ಮಾಡಿ ಮುಖ ಒರೆಸಿದಳು.

ಬಹಳ ಹೊತ್ತು ಏನೂ ಆಗಲಿಲ್ಲ. ನಾನು ವಿಠಲ ವಿಠಲ ಎನ್ನುತ್ತಿದ್ದೆ. ಅಜ್ಜನ ರೆಪ್ಪೆ ಅಲುಗಿತು.

"ನಿಂತ್ ಹೋಯ್ತಾ?" ಅದು ಅವರ ಮೊದಲ ಮಾತು.

"ನಿಲ್ಲಲಿಲ್ಲ. ಮೊಮ್ಮಗಳು ಕಾಗೆ ಹಾಂಗೆ ಕೂಗೂದು ಕೇಳ್ತಾ ಇಲ್ವೆ? ಬಾಯಿ ತೆಗೀರಿ."

ಅವರು ಮುಖ ತಿರುಗಿಸಿದರು. ಅಜ್ಜಿ ಲೋಟವನ್ನು ಅವರ ತುಟಿಯ ಹತ್ತಿರವೇ ಹಿಡಿದಿದ್ದಳು. ಅಜ್ಜ ಕಣ್ಣು ತಿರುಗಿಸಿ ಅವಳನ್ನು ನೋಡಿದರು. ನೋಡಿ, ಬಾಯಿ ತೆರೆದರು.

ಅಷ್ಟರಲ್ಲಿ, ಅಜ್ಜಿ ಮೆಟ್ಟಿಲು ಹತ್ತಿದ್ದನ್ನು ಕಂಡು ಹಿರಿಯರು, ಅಪ್ಪ, ಹಬ್ಬುವಾಡದ ಮಾಮ ಓಡಿ ಬಂದರು. ಹಿಂದಿನಿಂದ ಮೀನುಗಾರರ ಮಂಡಳಿಯೂ ಬಂತು. ಅದರಲ್ಲೊಬ್ಬರು ನನ್ನ ಕಾಲಿಗೆ ಬಿದ್ದು ವೀಣೆಯನ್ನು ಬಿಡಿಸಿಕೊಂಡರು. ಅವರ ಸ್ವರ ಏರಿದ ಮೇಲೆಯೇ ನನ್ನದು ನಿಂತಿತು. ಕಾಲು ಮಡಚಿ ಅಲ್ಲೇ ಕುಸಿದೆ.

ಹಿರಿಯರು ಲೋಟವನ್ನೇ ನೋಡುತ್ತಿದ್ದರು.

"ಅಮ್ಮಾ, ಸ್ವಾಮಿಗಳು ಗಂಜಿ ತಕ್ಕಂಡ್ರೇ? ವ್ರತ?"

"ಸ್ವಾಮಿಗಳ ಸುದ್ದಿ ನಂಗೆ ಗೊತ್ತಿಲ್ಲ," ಅಜ್ಜಿ ಅಂದಳು. "ನನ್ನ ಗಂಡ ಒಂದ್ ಲೋಟ ತೆಳಿ ಕುಡಿದ್ರು."

ಅಜ್ಜ ಕಣ್ಣು ಮುಚ್ಚಿದ್ದರು. ಹಿರಿಯರು ನನ್ನ ಕಡೆ ತಿರುಗಿ, ಏನೋ ಕೇಳಲು ಹೊರಟು, ಕೊನೆಗೆ, "ಭಜನೆ ಅಂತೂ ಕಡಿಲಿಲ್ಲ. ನಾವೇ ಜೈ ಅಂದೀವಲ," ಎಂದು ಗೊಣಗಿದರು.

ಉಳಿದ ಎರಡು ದಿನ ಅಜ್ಜಿ ಮಧ್ಯಾಹ್ನ ಮೆಟ್ಟಿಲು ಹತ್ತಿ ಬಂದು, ಬಾಗಿಲ ಸಂದಿಯಿಂದ ಲೋಟ ಒಳಗೆ ಇಟ್ಟು, ಆಚೆ ಮುಖ ಮಾಡಿ ಕೂರುತ್ತಿದ್ದಳು. ಭಜನೆಯವರು ಆ ಕಡೆ ನೋಡುತ್ತಿರಲಿಲ್ಲ. ನಾನು ಅವಳ ಪಕ್ಕ ಕೂತು ಸಂದಿಯನ್ನೇ ನೋಡುತ್ತಿದ್ದೆ. ಬಡಕಲು ಕೈಯೊಂದು ಖಾಲಿ ಲೋಟವನ್ನು ಹೊರಗೆ ದೂಡುವ ತನಕ ನಾನು ಅಲ್ಲಿಂದ ಏಳುತ್ತಿರಲಿಲ್ಲ.