ಗುರುವೆ ಹೆಣೆದ ಬಳ್ಳಿ

“ಇದರಲ್ಲಿ ಎಂತ ತುಂಬಿಸುವುದು?” ಎಂದು ಮಣಿಪಾಲದ ಚಿತ್ರ ಪ್ರದರ್ಶನದ ವ್ಯವಸ್ಥಾಪಕರು ಕೇಳಿದರು. ಎಂಬತ್ತರ ದಶಕದ ಆರಂಭದ ಮಾತು. ಕಾಪುವಿನಿಂದ ತಂದ ನನ್ನ ಜಲವರ್ಣ ಚಿತ್ರಗಳನ್ನು ನಾನು ಗೋಡೆಗೆ ತೂಗುಹಾಕುತ್ತಿದ್ದೆ. ಅವರೆದುರು ಕಾರ್ಕಳ ಕಡೆಯ, ಬುಟ್ಟಿ ಹೆಣೆಯುವ ಕೊರಗ ಸಮುದಾಯದ ಯುವತಿ ಗುರುವೆ ನಿಂತಿದ್ದಳು. ಗಡಸು ಕಾಡುಬಳ್ಳಿಯಲ್ಲಿ ಅವಳು ಹೆಣೆದು ತಂದದ್ದು ಬುಡದಲ್ಲಿ ಅವಳ ತಾಯಿ ಹೆಣೆಯುವಂಥದ್ದೇ ಬುಟ್ಟಿ. ಮೇಲೇರುತ್ತ ಮಾತ್ರ ಬಳ್ಳಿಗಳು ಹಳೆಯ ಹೆಣಿಗೆ ಬಿಟ್ಟು, ಗಾಳಿಗೆ ಸಿಕ್ಕ ಕೂದಲಿನಂತೆ ಎಲ್ಲೆಲ್ಲಿಗೋ ಹೊರಟಿದ್ದವು.

“ತುಂಬಿಸ್ಲಿಕ್ಕೆ ಅಲ್ಲ, ನೋಡ್ಲಿಕ್ಕೆ,” ಎಂದಳು.

ಬುಟ್ಟಿಯ ಜಾಗ ಜಗಲಿಯ ಮಾರಾಟದ ಮೇಜು, ಅಲ್ಲಿಡು ಎಂದು ಹೇಳಿ ಅವರು ಊಟಕ್ಕೆ ಹೋದರು. ಗುರುವೆ ಹೋಗಲಿಲ್ಲ. ಸಭಾಂಗಣದ ನಡುವೆಯೇ ಕುಳಿತು, ಜೊತೆಗೆ ತಂದಿದ್ದ ಉಳಿದ ಬಳ್ಳಿಯ ಕಟ್ಟು ಬಿಚ್ಚಿ ಅದೇ ಬುಟ್ಟಿಗೆ ಸೇರಿಸಿ ಮತ್ತೆ ಹೆಣೆಯತೊಡಗಿದಳು. ಆಗಾಗ ಬಾಗಿಲ ಕಡೆ ನೋಡುತ್ತಿದ್ದಳು. ಅವರು ಬಂದಾರೆಂಬ ಹೆದರಿಕೆ ಇರಬೇಕು ಎಂದುಕೊಂಡೆ. ನನಗಂತೂ ಮೊಳೆ ಹೊಡೆಯಲು ಕೈಯೇ ಬರಲಿಲ್ಲ.

ವ್ಯವಸ್ಥಾಪಕರು ಮರಳುವಾಗ ಬುಟ್ಟಿ ಎರಡೂ ಬದಿಗೆ ಹರಡಿ, ಬಾಗಿಲಿಗಿಂತ ಅಗಲವಾಗಿ ಬೆಳೆದಿತ್ತು.

“ಇನ್ನು ಇದು ಹೊರಗೆ ಹೋಗುವುದಿಲ್ಲ ಮಾರಾಯ್ರೆ,” ಎಂದಳು ಗುರುವೆ. ವ್ಯವಸ್ಥಾಪಕರು ಅದನ್ನು ಒಮ್ಮೆ ಎತ್ತಿ ನೋಡಿ, ಅಲ್ಲಿಯೇ ಕೆಳಗಿಟ್ಟರು. ಸಂಜೆ ಬಂದವರೆಲ್ಲ ಅದಕ್ಕೆ ಸುತ್ತುಹಾಕಿಯೇ ನನ್ನ ಚಿತ್ರಗಳ ಬಳಿ ಬರಬೇಕಿತ್ತು. ಹೆಚ್ಚಿನವರು ಅಲ್ಲಿಯೇ ನಿಂತುಬಿಟ್ಟರು.

ಅಂದಿನಿಂದ ನನ್ನ ಚೌಕಟ್ಟಿನೊಳಗಿನ ದೋಣಿ, ತೆಂಗುಗಳು ನನಗೇ ಇಕ್ಕಟ್ಟೆನಿಸತೊಡಗಿದವು. ಈಗಲೂ ಚಿತ್ರವೊಂದು ಮುಗಿಯಿತು ಎನ್ನುವಾಗ ಸಮಾಧಾನವಾಗುವುದಿಲ್ಲ. ಕುಂಚ ತೊಳೆದಿಟ್ಟವಳು ಮತ್ತೆ ಎದ್ದು ಚಿತ್ರದ ಬಳಿಗೇ ಬರುತ್ತೇನೆ.