ಬಿದಿರು ಬೇಲಿಯಲ್ಲೊಂದು ಸಂದಿ

ಕಳೆದ ಶನಿವಾರ ಮಧ್ಯಾಹ್ನ ನಾನೊಂದು ಕೋತಿಗೆ ಬಾಯಿಗೆ ಬಂದ ಹಾಗೆ ಬೈದೆ. ಅದು ಕೋತಿಯೇ ಆಗಿರಲಿಲ್ಲ.

ಬೆಳಗಿನ ಶಾಲೆ ಮುಗಿಸಿ ಬಂದು ಅಡುಗೆಗೆ ನಿಂತಿದ್ದೆ. ಮಿಕ್ಸಿ ಗರಗರ ತಿರುಗುತ್ತಿತ್ತು. ಕಿಟಕಿಯಿಂದ ನೋಡಿದರೆ, ಹಿತ್ತಲ ಬಿದಿರು ಬೇಲಿಯ ಒಂದೇ ಒಂದು ಮೆಳೆ ಜೋರಾಗಿ ಅಲ್ಲಾಡುತ್ತಿದೆ. ಗಾಳಿಯೇ ಇಲ್ಲ. (ಹೊಸದುರ್ಗದಲ್ಲಿ ಗಾಳಿ ಇಲ್ಲ ಅಂದರೆ ಅದೇ ಒಂದು ಸುದ್ದಿ.) ಅಕ್ಕಪಕ್ಕದ ಮೆಳೆಗಳೆಲ್ಲ ಫೋಟೋಕ್ಕೆ ನಿಂತ ಹಾಗೆ ನಿಂತಿವೆ. ಇನ್ನೇನು, ಕೋತಿಯೇ. ಹೋದ ವಾರ ನಮ್ಮ ಪಪ್ಪಾಯಿ ಖಾಲಿ ಮಾಡಿದ್ದೇ ಇರಬೇಕು. ಮಿಕ್ಸಿ ಆಫ್ ಮಾಡಿದೆ, ಪೊರಕೆ ಹಿಡಿದು ಓಡಿದೆ.

"ಹೋಗ್ತೀಯೋ ಇಲ್ವೋ, ದರಿದ್ರ ಕೋತಿ ಮುಂಡೇದೇ! ತಿಂದಿದ್ದು ಸಾಲ್ದಾ ನಿಂಗೆ? ಸೊಂಟ ಮುರೀತೀನಿ ನೋಡು!"

(ಟೀಚರ್ ಬಾಯಲ್ಲಿ ಇಂಥ ಮಾತಾ ಅಂತ ಕೇಳಬೇಡಿ. ನಿಮ್ಮ ಪಪ್ಪಾಯಿ ಹೋಗಿದ್ದರೆ ಗೊತ್ತಾಗುತ್ತಿತ್ತು.)

ಬೇಲಿಯ ಆಚೆಯಿಂದ ಸಣ್ಣ ದನಿ ಬಂತು. "ಆಗ್ಲೇ ಮುರಿದೈತೆ ಕಣವ್ವ. ಬೈಯೋದು ಆಮ್ಯಾಲೆ ಬೈಯಿವಂತೆ, ಮೊದ್ಲು ಇತ್ಲಾಗೆ ಬಾ."

ಪಕ್ಕದ ಮನೆಯ ಗಂಗಕ್ಕ!

ಈ ಬೇಲಿಯ ಕಥೆ ಮೊದಲು ಹೇಳಿಬಿಡುತ್ತೇನೆ. ನಾವು ಮನೆ ಕಟ್ಟಿದಾಗ ಎರಡು ಮನೆಗಳ ನಡುವೆ ಇದ್ದದ್ದು ಮೊಳದೆತ್ತರದ ಕಲ್ಲಿನ ಸಾಲು. ಅದರಾಚೆ ಗಂಗಕ್ಕ ಕೊಬ್ಬರಿ ಒಣಗಿಸುತ್ತಾ ಕೂತಿರುತ್ತಿದ್ದರು. ಅಲ್ಲಿಂದ ನಮ್ಮ ಮನೆಯ ಸಕಲವೂ ಅವರಿಗೆ ಕಾಣುತ್ತಿತ್ತು.

"ಏನವ್ವ ಸುಮಾ, ಒಗ್ಗರಣೆ ಸೀದ್ಹೋತಲ್ಲ?"

"ನಿನ್ ಗಂಡ ನಿನ್ನೆ ಹಾಕಿದ್ ಅಂಗೀನೇ ಇವತ್ತೂ ಹಾಕ್ಕಂಡ್ ಹೋದ್ನಲ್ಲ, ಒಗೆದಿರಲಿಲ್ವಾ?"

ಮನಸ್ಸು ಬೆಣ್ಣೆ. ನನಗೆ ಜ್ವರ ಬಂದರೆ ಗಂಜಿ ತಂದುಕೊಡುವ ಜೀವ. ಆದರೂ ದಿನಬೆಳಗಾದರೆ ಇನ್‌ಸ್ಪೆಕ್ಷನ್ ಅಂದರೆ ಯಾರಿಗೆ ತಾನೇ ಸುಸ್ತಾಗುವುದಿಲ್ಲ?

ನಮ್ಮ ಯಜಮಾನರು ಹಿರಿಯೂರು ಕಡೆಯ ನರ್ಸರಿಯೊಂದರಿಂದ ಬಿದಿರು ಸಸಿ ತಂದರು. ಮುಳ್ಳಿಲ್ಲದ, ಬೆರಳು ದಪ್ಪದ, ಬೇಲಿಗೆಂದೇ ಬೆಳೆಸುವ ಜಾತಿ. ಧೂಳು ತಡೆಯುತ್ತದೆ, ಗಾಳಿ ತಡೆಯುತ್ತದೆ, ಗೋಡೆಯಷ್ಟು ಖರ್ಚೂ ಇಲ್ಲ. (ಗಂಗಕ್ಕನನ್ನೂ ತಡೆಯುತ್ತದೆ ಎಂದು ಇಬ್ಬರೂ ಬಾಯಿಬಿಟ್ಟು ಹೇಳಲಿಲ್ಲ.)

ಗುಣಿ ತೋಡುವಾಗಲೇ ಗಂಗಕ್ಕ ತಕರಾರು ತೆಗೆದರು. "ಮನೆ ಮಗ್ಲಾಗೆ ಬಿದಿರು ಹಾಕ್ತಾರೇನವ್ವ? ಅದು ಕೊನೇ ಮೆರವಣಿಗೆಗೆ ಬೇಕಾಗೋದು."

"ಮೊರಾನೂ ಬಿದಿರಿಂದೇ ಅಲ್ವಾ ಗಂಗಕ್ಕ? ತೊಟ್ಟಿಲೂ ಬಿದಿರಿಂದೇ," ಅಂದೆ.

"ಓದಿದೋರ ಹತ್ರ ಮಾತಾಡಕ್ಕಾಗಲ್ಲ ಬಿಡು," ಎಂದು ಒಳಗೆ ಹೋದರು.

ಮೊದಲ ವರ್ಷ ಸಸಿಗಳು ಮುನಿಸಿಕೊಂಡ ಹಾಗೆ ಕೂತಿದ್ದವು. ಆಮೇಲೆ ಒಂದು ಮಳೆಗಾಲ ಬಂತು ನೋಡಿ, ಏನು ಬೆಳವಣಿಗೆ ಅಂತೀರಿ! ಮೊಣಕಾಲಿಗಿದ್ದ ಕಳಲೆ ವಾರ ಕಳೆಯುವುದರೊಳಗೆ ನನ್ನ ತಲೆ ದಾಟಿತ್ತು. ನೋಡನೋಡುತ್ತಾ ಹಸಿರು ಪರದೆ ಎದ್ದು ನಿಂತಿತು. ನಾನು ನೈಟಿಯಲ್ಲೇ ಹಿತ್ತಲಲ್ಲಿ ಓಡಾಡಿದೆ. ಒಗ್ಗರಣೆ ಸೀಯಿಸಿದೆ, ಯಾರೂ ಕೇಳಲಿಲ್ಲ. ಸ್ವರ್ಗ!

ಆಚೆಯಿಂದ ಆಗಾಗ ಒಂದು ಕೂಗು ಮಾತ್ರ ಬರುತ್ತಿತ್ತು. "ನಿನ್ ಬಿದಿರು ಎಲೆಯೆಲ್ಲ ನನ್ ಕೊಬ್ಬರಿ ಮ್ಯಾಲೆ ಬಿದ್ದವೆ ಕಣವ್ವೋ!" ನಾನು "ಗುಡಿಸ್ತೀನಿ ಗಂಗಕ್ಕ" ಅನ್ನುತ್ತಿದ್ದೆ. ಅಷ್ಟರಲ್ಲಿ ಅವರೇ ಗುಡಿಸಿರುತ್ತಿದ್ದರು.

ಶನಿವಾರವೂ ಅವರು ಅದನ್ನೇ ಮಾಡುತ್ತಿದ್ದರು. ಮಗ ಮಂಜು, ಸೊಸೆ ಇಬ್ಬರೂ ಹೊಳಲ್ಕೆರೆಗೆ ಯಾವುದೋ ನಾಮಕರಣಕ್ಕೆ ಹೋಗಿದ್ದರು. ಕೊಬ್ಬರಿ ಒಣಹಾಕಿದೆ, ಬಿಟ್ಟು ಬರಲ್ಲ ಎಂದು ಗಂಗಕ್ಕ ಉಳಿದಿದ್ದರು. ಒಣಗಿದ ಬಿದಿರೆಲೆ ಗೊತ್ತಲ್ಲ, ಕಾಲಿಟ್ಟರೆ ಎಣ್ಣೆ ಸವರಿದ ಹಾಗೆ ಜಾರುತ್ತದೆ. ಗಂಗಕ್ಕ ಜಾರಿ ಬಿದ್ದರು. ಏಳಲಾಗಲಿಲ್ಲ. ಮೊಬೈಲು ಒಳಗೆ ಚಾರ್ಜಿಗೆ. ಕೂಗಿದ್ದಾರೆ, ಕೂಗಿದ್ದಾರೆ, ನನ್ನ ಮಿಕ್ಸಿಯ ಅಬ್ಬರದಲ್ಲಿ ಯಾವುದೂ ಕೇಳಿಸಿಲ್ಲ. ಕೊನೆಗೆ ಕೈಗೆ ಸಿಕ್ಕ ಬಿದಿರನ್ನೇ ಹಿಡಿದು ಅಲ್ಲಾಡಿಸಿದ್ದಾರೆ.

ಪೊರಕೆ ಎಸೆದು ಅವರ ಮನೆ ಮುಂದಕ್ಕೆ ಓಡಿದೆ. ಬಾಗಿಲು ಒಳಗಿನಿಂದ ಚಿಲಕ. ಅವರ ಹಿತ್ತಲ ಮತ್ತೆರಡು ಕಡೆಯೂ ಎತ್ತರದ ಗೋಡೆ. ಉಳಿದದ್ದು ನನ್ನದೇ ಬೇಲಿ. ತೆಂಗಿನಕಾಯಿ ಕೊಚ್ಚುವ ಮಚ್ಚು ತಂದೆ. ನಾನೇ ನೀರುಣಿಸಿ ಬೆಳೆಸಿದ ಬಿದಿರನ್ನು ನಾನೇ ಕಡಿಯುತ್ತಾ ಹೋದೆ.

"ನಿಧಾನಕ್ಕೆ ಕಣವ್ವ, ಕೈ ಕಡ್ಕಂಡೀಯ! ನಾನೇನ್ ಎದ್ದು ಓಡಿಹೋಗ್ತೀನಾ?" ಆಚೆಯಿಂದ ಅವರೇ ನನಗೆ ಧೈರ್ಯ ಹೇಳಿದರು.

ಸೀರೆ ಸೆರಗು ಹರಿಯಿತು, ತೋಳು ತರಚಿತು, ನುಸುಳಿದೆ. ಗಂಗಕ್ಕ ಎಲೆಗಳ ಮೇಲೆ ಒರಗಿ ಕೂತಿದ್ದರು. ಮುಖ ಬಿಳುಚಿತ್ತು. ನನ್ನ ಕೈ ಗಟ್ಟಿಯಾಗಿ ಹಿಡಿದುಕೊಂಡರು. ಮನೆಯೊಳಗಿಂದ ಹೋಗಿ ಮುಂಬಾಗಿಲ ಚಿಲಕ ತೆಗೆದೆ.

ಆಟೋದಲ್ಲಿ ಆಸ್ಪತ್ರೆಗೆ ಹೋದೆವು. ಸೊಂಟ ಗಟ್ಟಿಯಾಗಿಯೇ ಇತ್ತು. ಮುರಿದದ್ದು ಪಾದದ ಗೆಣ್ಣು. ಹೇಗಾಯಿತು ಎಂದು ಡಾಕ್ಟರು ಕೇಳಿದ್ದೇ ತಡ, "ಅದಿರ್ಲಿ ಡಾಕ್ಟ್ರೇ, ಈಕೆ ನಂಗೆ ಕೋತಿ ಅಂದ್ಲು, ಅದನ್ನ ಬರ್ಕಳ್ರಿ ಮೊದ್ಲು," ಅಂದರು. ನರ್ಸಮ್ಮ ನಕ್ಕು ನಕ್ಕು ಬ್ಯಾಂಡೇಜ್ ಕೆಳಗೆ ಬೀಳಿಸಿದಳು.

ಸಂಜೆ ಮಂಜು ಓಡೋಡಿ ಬಂದ. ನಾನು ಮುಚ್ಚಿಡಲಿಲ್ಲ. "ನಮ್ಮ ಬೇಲಿ ಎಲೆಯಿಂದಲೇ ಜಾರಿದ್ದು ಮಂಜು," ಅಂದೆ.

ಅವನು ಹಿತ್ತಲಿಗೆ ಹೋಗಿ ನೋಡಿ ಬಂದ. ಮುಖ ಗಂಟಿಕ್ಕಿತ್ತು. "ಟೀಚರ್, ಬ್ಯಾಸರ ಮಾಡ್ಕಬ್ಯಾಡ್ರಿ. ಅದನ್ನ ಪೂರ್ತಿ ಕಡಿಸಿಬಿಡ್ರಿ. ಗ್ವಾಡೆ ಎಬ್ಬಿಸಾಣ."

ನಾನು ಆಗಲಿ ಎಂದು ತಲೆಯಾಡಿಸಿದೆ. ಅಷ್ಟರಲ್ಲಿ ಮಂಚದ ಮೇಲಿಂದ ಗಂಗಕ್ಕನ ದನಿ ಬಂತು.

"ಏ ಸುಮ್ನಿರಲೇ! ಗ್ವಾಡೆ ಇದ್ದಿದ್ರೆ ನಾನು ಏನ್ ಅಲ್ಲಾಡಿಸ್ಬೇಕಿತ್ತು? ಬಿದಿರು ಇರ್ಲಿ. ಎಲೆ ಮಾತ್ರ ಇನ್ಮ್ಯಾಗೆ ಆಕೆ ಗುಡಿಸ್ಲಿ." ಆಮೇಲೆ ನನ್ನ ಕಡೆ ತಿರುಗಿ ಮೆಲ್ಲಗೆ, "ಆ ಸಂದಿ ಮುಚ್ಚಬ್ಯಾಡ ಕಣವ್ವ," ಅಂದರು.

ಮುಚ್ಚಿಲ್ಲ. ಈಗ ದಿನಾ ಶಾಲೆಯಿಂದ ಬಂದವಳೇ ಆ ಸಂದಿಯಲ್ಲಿ ನುಸುಳಿ ಹೋಗಿ ಎಲೆ ಗುಡಿಸುತ್ತೇನೆ. ಗಂಗಕ್ಕ ಕಾಲು ಚಾಚಿ ಕೂತು ಸೂಪರ್‌ವೈಸ್ ಮಾಡುತ್ತಾರೆ. "ಅಲ್ಲೊಂದೈತೆ ನೋಡು, ಕಣ್ಣು ಕಾಣ್ಸಲ್ವಾ?" ಇನ್‌ಸ್ಪೆಕ್ಷನ್ ಮತ್ತೆ ಶುರುವಾಗಿದೆ. ಬುಧವಾರ ನನ್ನ ಸಾರಿಗೆ ಹುಳಿ ಸಾಲದು ಅಂದರು. ನಿಜ ಹೇಳಲಾ? ಸಾಲದಾಗಿತ್ತು.

ನಮ್ಮ ಬಡಾವಣೆಯಲ್ಲಿ ಈಗ ಕಾಂಪೌಂಡು ಎತ್ತರಿಸುವ ಸ್ಪರ್ಧೆ ನಡೆದಿದೆ. ಮೇಲೆ ಗಾಜಿನ ಚೂರು, ಮುಂದೆ ಕ್ಯಾಮೆರಾ. ಗೇಟಿನ ಹತ್ತಿರ ನಾಯಿ ಬಂದರೂ ಫೋನಿನಲ್ಲಿ ಟಿಣ್ ಅನ್ನುತ್ತದಂತೆ. ಬಹಳ ಒಳ್ಳೆಯದು.

ಪಕ್ಕದ ಮನೆಯವರು ಬಿದ್ದರೆ ಏನನ್ನುತ್ತದೆ?